ಹೆಸರು ಹಿಡಿದು ಕೂಗುವವರು

ಮೊನ್ನೆ ಮೊಮ್ಮಗಳ ಶಾಲೆಯಲ್ಲಿ ವಾರ್ಷಿಕೋತ್ಸವ. ಮನೆಗೆ ಬಂದ ಮಗುವಿನ ಮುಖದ ಬಣ್ಣ ತೆಗೆಯಲು ಅಂಗೈಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು ಕೆನ್ನೆಗೆ ತಿಕ್ಕಿದೆ. ಎಣ್ಣೆಯಲ್ಲಿ ಬಣ್ಣ ಕರಗುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ನಿಂತುಹೋಯಿತು. ನಿಮಗೂ ಇಂಥದ್ದೊಂದು ವಾಸನೆ ಇದ್ದೀತು. ಎಲ್ಲೋ ನಿಂತವರನ್ನು ಕತ್ತು ಹಿಡಿದು ಹಳೆಯ ಮನೆಯ ಜಗಲಿಗೆ ಎಳೆದೊಯ್ಯುವಂಥದ್ದು. ನನ್ನದು ಭೇರ್ಯದ ಹತ್ತಿರದ ಹಳ್ಳಿಯಲ್ಲಿದ್ದ ಹೆಂಚಿನ ಮನೆ. ಈಗ ಅಲ್ಲಿ ಟ್ರ್ಯಾಕ್ಟರ್ ನಿಲ್ಲಿಸುತ್ತಾರೆ.

ಆ ಮನೆಯ ಹಿರಿಮಗ, ನಮ್ಮಪ್ಪನ ಅಣ್ಣ ಸಿದ್ದರಾಜ, ನನಗೆ ದೊಡ್ಡಪ್ಪ. ಗದ್ದೆ ಕೆಲಸದಲ್ಲಿ ಮೈಗಳ್ಳ, ರಂಗದ ಮೇಲೆ ಹುಲಿ. ಸಾಲಿಗ್ರಾಮದಿಂದ ಗಾವಡಗೆರೆಯವರೆಗೆ ಎಲ್ಲಿ ಪೌರಾಣಿಕ ನಾಟಕ ಕಟ್ಟಿದರೂ ಕೊನೆಯಲ್ಲಿ ಸಾಯುವ ವೀರನ ಪಾತ್ರ ಅವನದೇ. ಅವನು ಸತ್ತರೆ ಹೆಂಗಸರು ಎದೆ ಬಡಿದುಕೊಳ್ಳುತ್ತಿದ್ದರು, ಹಾರ್ಮೋನಿಯಂ ಮೇಷ್ಟ್ರು ಬೆರಳು ತಪ್ಪುತ್ತಿದ್ದರು. ಬೆಳಗಾದ ಮೇಲೆ ಬಣ್ಣದ ಮುಖದಲ್ಲೇ ಮನೆಗೆ ಬಂದರೆ ಅವನಿಗೆ ಒಳಕ್ಕೆ ಪ್ರವೇಶವಿರಲಿಲ್ಲ. ಜಗಲಿಯ ಮೇಲೆ ಕೂರಿಸಿ ದೊಡ್ಡವ್ವ ಎಣ್ಣೆ ಹಚ್ಚಿ ಬಣ್ಣ ಒರೆಸುವಳು. ಆಮೇಲೆ ಅಜ್ಜಿ ಹೊಸಿಲ ಒಳಗೆ ನಿಂತು, ಹೆಸರು ಹಿಡಿದು ಮೂರು ಸಲ ಕೂಗುವಳು. ಮೂರನೆಯ ಕೂಗಿಗೆ ಅವನು "ಓ" ಅನ್ನಬೇಕು, ಆಮೇಲೇ ಒಳಗೆ ಕಾಲಿಡಬೇಕು. ಸತ್ತವನ ವೇಷ ತೊಟ್ಟವನನ್ನು ಮನೆಯ ಹಿರಿಯರು ಹೀಗೆ ಕರೆದುಕೊಳ್ಳದಿದ್ದರೆ ಒಳಗೆ ಬರುವವನು ಅವನೇ ಎಂದು ಹೇಳುವುದು ಹೇಗೆ? ಅಜ್ಜಿಯ ಪ್ರಶ್ನೆ ಅಷ್ಟೆ. ನಾವು ಮಕ್ಕಳು ಕಂಬ ತಬ್ಬಿಕೊಂಡು ಆ "ಓ"ಗಾಗಿ ಉಸಿರು ಬಿಗಿಹಿಡಿದು ಕಾಯುತ್ತಿದ್ದೆವು.

ರಂಗದ ಮೇಲಿನ ಅವನ ಸಾವಿನ ಸುದ್ದಿ ಸಿನಿಮಾದವರಿಗೂ ಮುಟ್ಟಿತು. ಮೈಸೂರಿಗೆ ಕರೆಸಿಕೊಂಡರು. ನಾಯಕನ ಅಪ್ಪನಾಗಿ, ಊರ ಯಜಮಾನನಾಗಿ, ಕಾವಲುಗಾರನಾಗಿ, ಯಾವುದಾದರೇನು, ಅರ್ಧ ಗಂಟೆಯೊಳಗೆ ಅವನು ಸಾಯಲೇಬೇಕು. "ಒಂದ್ಸಲನಾದ್ರೂ ಕೊನೇಗಂಟ ಬದುಕ್ಬಾರ್ದಾ?" ಎಂದು ದೊಡ್ಡವ್ವ ಚುಡಾಯಿಸುವಳು. ಬಣ್ಣವನ್ನು ಅಲ್ಲೇ ತೊಳೆದು ಬಸ್ಸಿನಲ್ಲಿ ಬರುತ್ತಿದ್ದ. ಆದರೂ ಅಜ್ಜಿ ಬಿಡಲಿಲ್ಲ. "ಸಿನಿಮಾದಲ್ಲಿ ಸತ್ರೂ ಸಾವೇ ಕಣ್ಲಾ. ನಿಂತ್ಕೊ ಅಲ್ಲೇ," ಎಂದು ಕೂಗಿಯೇ ಒಳಗೆ ಬಿಟ್ಟುಕೊಳ್ಳುತ್ತಿದ್ದಳು.

ನನಗೆ ಹತ್ತು ತುಂಬಿದ ವರ್ಷ ಅಜ್ಜಿ ತೀರಿಕೊಂಡಳು. ಅದಾಗಿ ಎರಡು ತಿಂಗಳಿಗೆ ದೊಡ್ಡಪ್ಪ ಇನ್ನೊಂದು ಸಿನಿಮಾದಲ್ಲಿ ಸತ್ತು ಬಂದ. ಸಂಜೆಯ ಬಸ್ಸಿಳಿದು ಬಂದವನು ಅಭ್ಯಾಸಬಲದಿಂದ ಅಂಗಳದಲ್ಲೇ ನಿಂತ. ಆಗಲೇ ನಮಗೆಲ್ಲ ಹೊಳೆದದ್ದು, ಮನೆಯಲ್ಲಿ ಅವನಿಗಿಂತ ದೊಡ್ಡವರು ಯಾರೂ ಉಳಿದಿಲ್ಲ ಎಂದು. ಅಣ್ಣನ ಹೆಸರು ಹಿಡಿದು ಕೂಗಲು ನಮ್ಮಪ್ಪನಿಗೆ ಬಾಯಿ ಬರಲಿಲ್ಲ. ಗಂಡನ ಹೆಸರು ಹೇಳಿದರೆ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಂಬಿದ್ದವಳು ದೊಡ್ಡವ್ವ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಒಳಿಕೆ ಬನ್ನಿ. ಇಟ್ಟು ಆರೋಯ್ತದೆ," ಅಂದಳು.

"ಕೂಗು, ಬತ್ತೀನಿ."

"ನಾನೆಂಗೆ ಕೂಗ್ಲಿ?"

ನಾನು ತಡೆಯಲಾರದೆ "ದೊಡ್ಡಪ್ಪಾ" ಎಂದು ಮೂರು ಸಲ ಕೂಗಿಬಿಟ್ಟೆ. ಅವನು ನಕ್ಕ. "ನೀನು ಚಿಕ್ಕೋಳು ಕಣವ್ವ," ಅಂದ. ಕತ್ತಲಾಗುವವರೆಗೂ ನಿಂತಿದ್ದು, ಯಾರೂ ಕರೆಯದೆ ಒಳಗೆ ಬಂದ.

ನಾನು ಇದನ್ನು ಯಾರಿಗೂ ಸಾಬೀತು ಮಾಡಲಾರೆ. ಅಂದಿನಿಂದ ಅವನು ಹೆಸರಿಗೆ ತಿರುಗುವುದನ್ನು ಬಿಟ್ಟ. ಕಾಲುವೆ ಏರಿಯ ಮೇಲೆ ಯಾರಾದರೂ "ಸಿದ್ರಾಜಣ್ಣಾ" ಎಂದರೆ, ಬೇರೆ ಯಾರನ್ನೋ ಕರೆದ ಹಾಗೆ ಸುಮ್ಮನೆ ನಡೆಯುತ್ತಿದ್ದ. ಊಟದೆದುರು ಕೂತು, ಇನ್ನೊಬ್ಬರ ಎಲೆಯ ಮುಂದೆ ಕೂತವನಂತೆ ಸಂಕೋಚಪಡುತ್ತಿದ್ದ. ದೊಡ್ಡವ್ವ ಒಂದು ಸಲ ನನ್ನ ಕಿವಿಯಲ್ಲಿ, "ಇವ್ರು ನಿಮ್ ದೊಡ್ಡಪ್ಪ ಅಲ್ಲ ಕಣೇ," ಎಂದಳು. ನನಗೂ ಹಾಗೇ ಅನ್ನಿಸಿತ್ತು.

ಒಂದು ಮಧ್ಯಾಹ್ನ ಅವನು ಜಗಲಿಯ ಮೇಲೆ ಮಲಗಿ ಸಾಯುವುದನ್ನು ಅಭ್ಯಾಸ ಮಾಡುತ್ತಿದ್ದ. ಮೊದಲು ಕಣ್ಣು ನಿಲ್ಲಿಸಬೇಕು, ಉಸಿರು ಆಮೇಲೆ ಎಂದು ನಮಗೂ ಹೇಳಿಕೊಟ್ಟಿದ್ದ. ಎಂದಿನಂತೆ ನಾವು ಚಪ್ಪಾಳೆ ಹೊಡೆದೆವು. ಚಪ್ಪಾಳೆಗೆ ಏಳುವುದು ಅವನ ಪದ್ಧತಿ. ಅವತ್ತು ಏಳಲಿಲ್ಲ. ಇನ್ನೂ ಜೋರಾಗಿ ಹೊಡೆದೆವು. ಆ ಚಪ್ಪಾಳೆಯ ನೆನಪು ಇವತ್ತಿಗೂ ನನ್ನನ್ನು ಸುಡುತ್ತದೆ. ಓಡಿ ಬಂದ ದೊಡ್ಡವ್ವನಿಗೆ ನೆರೆಯ ಹೆಂಗಸರು, "ಈಗ್ಲಾದ್ರೂ ಎಸ್ರಿಡ್ದು ಕೂಗವ್ವ," ಎಂದು ಅಂಗಲಾಚಿದರು. ಅವಳು ಬಾಯಿ ತೆರೆದಳು. ಇಪ್ಪತ್ತೈದು ವರ್ಷ ಆಡದ ಹೆಸರು, ನಾಲಿಗೆಗೆ ಸಿಗಲಿಲ್ಲ. ಅವಳೂ ಈಗಿಲ್ಲ. ಅಪ್ಪನೂ ಇಲ್ಲ.

ಮೊಮ್ಮಗಳ ಮುಖ ತೊಳೆದು ಮಲಗಿಸಿದ ಮಾರನೆಯ ದಿನ, ಟೀವಿಯಲ್ಲಿ ಅವನ ಕೊನೆಯ ಸಿನಿಮಾ ಬಂತು, ಸತ್ತು ಬಂದವನನ್ನು ಯಾರೂ ಕೂಗಿ ಕರೆಯದ ಆ ಸಿನಿಮಾ. ಅವನು ಸತ್ತ, ಎಷ್ಟು ಚೆನ್ನಾಗಿ ಸತ್ತ! ನೋಡುತ್ತಾ ನೋಡುತ್ತಾ ಒಂದು ಲೆಕ್ಕ ತಲೆಗೆ ಬಂತು. ಅಲ್ಲಿ ಬಿದ್ದಿರುವವನಿಗೆ ನಲವತ್ತೊಂಬತ್ತು, ನನಗೆ ಅರವತ್ತು. ನಮ್ಮ ಮನೆಯಲ್ಲಿ ಅವನಿಗಿಂತ ದೊಡ್ಡವಳು ಈಗ ನಾನಿದ್ದೇನೆ.

ಟೀವಿ ಆರಿಸಿದೆ. ಬೀದಿ ಬಾಗಿಲು ತೆಗೆದು, ಹೊಸಿಲ ಒಳಗೆ ನಿಂತು, ಹೆಸರು ಹಿಡಿದು ಮೂರು ಸಲ ಕೂಗಿದೆ. ಯಾರೂ ಓಗೊಡಲಿಲ್ಲ. ಆದರೂ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಒಳಗೆ ಬರಲು ದಾರಿ ಬಿಟ್ಟೆ.