ಥಿರ್ಜಾ ಹಾಸ್ಕೆಟ್ ಯಾರವಳು

ಬೆಲ್‌ಫೋರ್ಕ್ ಊರಿನ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಮೊಹರು ಒತ್ತಿ ನಿವೃತ್ತಳಾದ ಲೊರೇನಾ ಹಾಸ್ಕೆಟ್‌ಗೆ ಗಂಡನಿಲ್ಲ, ಮಕ್ಕಳಿಲ್ಲ, ಒಂದು ಬೆಕ್ಕೂ ಇಲ್ಲ. ಇದ್ದವಳು ಒಬ್ಬ ಮುತ್ತಜ್ಜಿ, ಅವಳೂ ಸತ್ತು ಎಂಬತ್ತಮೂರು ವರ್ಷ. ಥಿರ್ಜಾ ಎಂಬ ಆ ಹೆಂಗಸು 1838ರಲ್ಲಿ ಕ್ಯಾರೊಲೈನಾದಿಂದ ಎತ್ತಿನ ಬಂಡಿಯ ಹಿಂದೆ ನಡೆದೇ ಇಂಡಿಯಾನಾದ ಕಾಡಿಗೆ ಬಂದವಳು. ಅವಳ ಹುಟ್ಟು, ಮದುವೆ, ಸಮಾಧಿಗಲ್ಲಿನ ನಕಲು, ಎಲ್ಲವನ್ನೂ ಲೊರೇನಾ ಹತ್ತೊಂಬತ್ತು ವರ್ಷ ಹುಡುಕಿ ಬೂಟಿನ ಪೆಟ್ಟಿಗೆಗಳಲ್ಲಿ ತುಂಬಿಟ್ಟಿದ್ದಳು. ಥಿರ್ಜಾ ತನ್ನೊಬ್ಬಳ ಸ್ವತ್ತು ಎಂದೇ ಅವಳು ನಂಬಿದ್ದಳು.

ಅಲ್ಲಿಗೆ ಅಡ್ಡ ಬಂದವಳು ಡೆಲ್ಫಾ ರಿಗ್ಗಿನ್. ಲೊರೇನಾಳ ಅಜ್ಜ ಎಜ್ರಾ, ಡೆಲ್ಫಾಳ ಅಜ್ಜ ಸೈಲಸ್, ಇಬ್ಬರೂ ಥಿರ್ಜಾಳ ಗಂಡುಮಕ್ಕಳು. ಡೆಲ್ಫಾ ವಂಶ ಹುಡುಕಲು ಹೊರಟು ಎರಡು ವರ್ಷವೂ ಆಗಿರಲಿಲ್ಲ. ಹುಡುಕುವುದೇನು, ಹೋದಲ್ಲೆಲ್ಲ ಹರಟೆ ಹೊಡೆಯುತ್ತಿದ್ದಳು, ಸೇಬಿನ ಪೈ ಹಂಚುತ್ತಿದ್ದಳು, ಬೇಕಾದ್ದು ತಾನಾಗಿ ಅವಳ ಕೈಗೆ ಬರುತ್ತಿತ್ತು. ಮೇಲಾಗಿ ಥಿರ್ಜಾ ತನ್ನ ಕೈಯಾರೆ ಹೆಸರುಗಳನ್ನು ಬರೆದಿಟ್ಟ ಬೈಬಲ್ಲು ಸೈಲಸನ ಕವಲಿನಲ್ಲಿ ಉಳಿದು ಇವಳ ಮನೆ ಸೇರಿತ್ತು.

ಆ ಊರಿನಲ್ಲಿ ಹಳೆ ನೆಲೆಗಾರರ ಸಂಘವೊಂದಿದೆ. 1840ಕ್ಕೆ ಮೊದಲು ಬಂದವರ ವಂಶದವರು ತಾವೆಂದು ಕಾಗದ ತೋರಿಸಿದವರಿಗೆ ನೀಲಿ ರಿಬ್ಬನ್ನು. ಆಗಸ್ಟಿನ ಸಹಭೋಜನದ ದಿನ ಅವರಲ್ಲೊಬ್ಬರು ಎದ್ದು ತಮ್ಮ ಹಿರಿಯರ ಕಥೆ ಹೇಳಬೇಕು. 1974ರ ಸರದಿ ಥಿರ್ಜಾಳದು ಎಂದಾಯಿತು, ಹೇಳುವವಳು ಡೆಲ್ಫಾ ಎಂದೂ ಆಯಿತು. ಬೈಬಲ್ಲು ಅವಳ ಹತ್ತಿರ ಇದೆಯಲ್ಲ ಎಂದರು ಸಂಘದವರು. ಸುದ್ದಿ ಕೇಳಿದ ದಿನ ಲೊರೇನಾ ಪೆಟ್ಟಿಗೆಗಳನ್ನೆಲ್ಲ ಕೆಳಗಿಳಿಸಿ ರಾತ್ರಿಯಿಡೀ ಕಾಗದ ತಿರುವಿದಳು. ಹೊಟ್ಟೆಕಿಚ್ಚು ಎಂದು ಹೇಳಿಬಿಡುವುದೇ ಸರಿ, ಅವಳು ಮಾತ್ರ ಅದನ್ನು ನ್ಯಾಯ ಎಂದು ಕರೆಯುತ್ತಿದ್ದಳು.

ಹಿರಿಮಗ ಎಜ್ರಾನಿಗೆ ಸಲ್ಲಬೇಕಾದ ಬೈಬಲ್ಲು ಸೈಲಸನಿಗೆ ಹೋದದ್ದು ಹೇಗೆ? ಮರುದಿನವೇ ಕೋರ್ಟಿನ ನೆಲಮಾಳಿಗೆಗೆ ಇಳಿದು, ತಗಡಿನ ಪೆಟ್ಟಿಗೆಗಳನ್ನು ಒಂದೊಂದಾಗಿ ತೆಗೆಸಿ, ಒಂಬತ್ತನೆಯ ದಿನ ಥಿರ್ಜಾಳ ಉಯಿಲು ಹಿಡಿದಳು. ಅದರಲ್ಲಿ ಹೀಗಿತ್ತು: "ನನ್ನ ಬೈಬಲ್ಲು, ಗರಿಯ ಹಾಸಿಗೆ, ಮನೆ, ಎಲ್ಲ ಸೈಲಸನಿಗೆ. ಅವನು ನನ್ನ ಹೊಟ್ಟೆಯಲ್ಲಿ ಹುಟ್ಟಿದವನಲ್ಲ. ಜ್ವರಕ್ಕೆ ತಾಯಿತಂದೆ ಸತ್ತ ಮೂರು ವರ್ಷದ ಕೂಸನ್ನು ನಾನೇ ಬೇಕೆಂದು ಎತ್ತಿಕೊಂಡು ಬಂದೆ. ಹೊಟ್ಟೆಯಲ್ಲಿ ಹುಟ್ಟಿ, ನಾನು ಹಾಸಿಗೆ ಹಿಡಿದ ಮೇಲೆ ಇತ್ತ ತಲೆಯೇ ಹಾಕದ ಎಜ್ರಾನಿಗೆ ಒಂದು ಡಾಲರು."

1850ರ ಜನಗಣತಿಯಲ್ಲಿ ಮನೆಯವರ ಹೆಸರು, ವಯಸ್ಸು ಇವೆ, ಯಾರು ಯಾರಿಗೆ ಏನಾಗಬೇಕೆಂಬುದಿಲ್ಲ. ಒಂದೇ ಮನೆ, ಒಂದೇ ಮನೆತನದ ಹೆಸರು ಕಂಡೊಡನೆ ಮಗ ಎಂದು ಬರೆದುಕೊಳ್ಳುವುದು ಈ ಹುಚ್ಚು ಹತ್ತಿದವರೆಲ್ಲ ಮಾಡುವ ತಪ್ಪು. ಲೊರೇನಾ ಮಾಡಿದ್ದಳು, ಸಂಘವೂ ಮಾಡಿತ್ತು. ಈಗ ಡೆಲ್ಫಾಳಿಗೆ ರಿಬ್ಬನ್ನೂ ಇಲ್ಲ, ಭಾಷಣವೂ ಇಲ್ಲ. ಲೊರೇನಾ ಉಯಿಲನ್ನು ಅಕ್ಷರ ಬಿಡದೆ ನಕಲು ಮಾಡಿ, ಗುಮಾಸ್ತನ ಮೊಹರು ಹಾಕಿಸಿಕೊಂಡಳು. ಎಜ್ರಾನ ಒಂದು ಡಾಲರಿನ ಸಾಲು ಬರೆಯುವಾಗ ಮಾತ್ರ ಕೈ ಸ್ವಲ್ಪ ತಡೆಯಿತು.

ಶನಿವಾರ ಮಧ್ಯಾಹ್ನ ನೆಟ್ಟಗೆ ಡೆಲ್ಫಾಳ ಅಡುಗೆಮನೆಗೆ ಹೋಗಿ ಕಾಗದವನ್ನು ಮೇಜಿನ ಮೇಲಿಟ್ಟಳು. ಮುಖ ಸಪ್ಪಗಾಗುವುದನ್ನು ಕಣ್ತುಂಬ ನೋಡಬೇಕೆಂದು ಎದುರಿಗೇ ಕುರ್ಚಿ ಎಳೆದುಕೊಂಡಳು. ಡೆಲ್ಫಾ ಕೈಯ ಹಿಟ್ಟು ಒರೆಸಿಕೊಂಡು ಓದಿದಳು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮತ್ತೆ ಓದಿದಳು.

"ಬೇಕೂಂತ ಎತ್ಕೊಂಡು ಬಂದಿದ್ದಾಳಲ್ಲೇ," ಎಂದಳು. "ನಮ್ಮಜ್ಜ ಸಾಯೋವರೆಗೂ ಅಮ್ಮ ಅಮ್ಮ ಅಂತಿದ್ದ."

"ಅಂದ್ರೆ ನೀನು ಅವಳ ವಂಶದವಳಲ್ಲ. ಅರ್ಥ ಆಯ್ತು ತಾನೆ?"

"ಆಯ್ತು ಕಣೇ. ಸಂಘಕ್ಕೆ ನಾನೇ ಹೇಳ್ತೀನಿ. ನೀನೇ ಮಾತಾಡು ಆವತ್ತು, ನಂಗಿಂತ ನಿಂಗೇ ಜಾಸ್ತಿ ಗೊತ್ತಲ್ಲ."

ಡೆಲ್ಫಾ ಒಳಗೆ ಹೋಗಿ ಬೈಬಲ್ಲನ್ನೂ ತಂದು ಲೊರೇನಾಳ ತೊಡೆಯ ಮೇಲಿಟ್ಟಳು. ರಕ್ತ ಸಂಬಂಧ ನಿಂದು, ಪುಸ್ತಕವೂ ನಿನ್ನ ಹತ್ತಿರವೇ ಇರಲಿ ಎಂದಳು. ಮಾತಿನಲ್ಲಿ ಕೊಂಕಿರಲಿಲ್ಲ. ಹತ್ತೊಂಬತ್ತು ವರ್ಷ ಬಯಸಿದ್ದೆಲ್ಲ ಒಂದೇ ಮಧ್ಯಾಹ್ನ ಕೈಗೆ ಬಂದಿತ್ತು.

"ಈ ಕಾಗದ ಮಾತ್ರ ನಂಗಿರ್ಲಿ," ಎಂದು ಡೆಲ್ಫಾ ನಕಲನ್ನು ಎದೆಗೆ ಒತ್ತಿಕೊಂಡಳು.

ಬೇಕೆಂದು ಯಾರೂ ಎಂದೂ ಎತ್ತಿಕೊಳ್ಳದ ಲೊರೇನಾಳಿಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತು ಕೈ ಚಾಚಿದಳು.

"ನಿಂಗೆ ಕೊಡಲ್ಲ. ಅದು ನಂದು," ಎಂದಳು ಲೊರೇನಾ.

ಡೆಲ್ಫಾ ಕಾಗದವನ್ನು ಮಡಿಚದೆ, ಹಿಟ್ಟು ತಾಗದ ಹಾಗೆ ಅಂಚು ಹಿಡಿದು ಕೊಟ್ಟುಬಿಟ್ಟಳು.

"ಆಗ್ಲಿ ಬಿಡೇ, ಬೇಜಾರಿಲ್ಲ," ಎಂದಳು. "ಥಿರ್ಜಾ ಬರೆದದ್ದು ಓದಿ ಆಯ್ತಲ್ಲ."