ನನ್ನ ಅಳತೆಯ ಸೈಕಲ್

ದೆವ್ವ, ಶಕುನ, ಮುನ್ಸೂಚನೆ ಇಂಥವನ್ನು ನಾನು ನಂಬಿದವಳಲ್ಲ. ಮರ್ಫಿ ಟೌನಿನ ನಮ್ಮ ಮನೆಯ ತಾರಸಿಯ ಮೇಲೆ ಅಕ್ಕಪಕ್ಕದವರು ಕೂತು ಅಂಥ ಕಥೆ ಶುರುಮಾಡಿದರೆ, ಅದು ಕಳೆಕಟ್ಟುವ ಹೊತ್ತಿಗೆ ಸರಿಯಾಗಿ ‘ಅಷ್ಟೊತ್ತಿಗೆ ಕರೆಂಟ್ ಬಂತಾ?’ ಎಂದು ಕೇಳಿ ಎಲ್ಲರ ಕೈಲೂ ಬೈಸಿಕೊಳ್ಳುತ್ತಿದ್ದೆ. ಈಗ ನಾನೇ ಒಂದು ಕಥೆ ಹೇಳಲು ಹೊರಟಿದ್ದೇನೆ. ನಂಬಿ ಎಂದು ಒತ್ತಾಯಿಸುವುದಿಲ್ಲ. ಆದರೆ ಇದು ನಡೆದದ್ದು ಹಾಡುಹಗಲಲ್ಲಿ, ನನ್ನ ಜೊತೆ ಇನ್ನೊಬ್ಬ ಸಾಕ್ಷಿಯೂ ಇದ್ದ.

ನಾನು ಇಂದಿರಾನಗರದ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಭಾನುವಾರ ಬಂತೆಂದರೆ ಕೆ.ಆರ್. ಪುರ ದಾಟಿ, ಅಲ್ಲಿನ ಹಳೆಯ ಕಲ್ಲುಕ್ವಾರಿಯ ಏರುತಗ್ಗುಗಳಲ್ಲಿ ಮೌಂಟನ್ ಬೈಕ್ ಓಡಿಸುವ ಹುಚ್ಚು. ಮೂರು ವರ್ಷದ ಹಿಂದೆ, ಮೂವತ್ತಾರನೇ ವಯಸ್ಸಿನಲ್ಲಿ, ಆ ಹುಚ್ಚು ತಲೆಗೇರಿ ಕಜಕಸ್ತಾನದ ಬೆಟ್ಟಗಳಲ್ಲಿ ನಡೆಯುವ ಒಂದು ರೇಸಿಗೆ ಹೆಸರು ಕೊಟ್ಟೆ. ಯಾರು ಬೇಕಾದರೂ ಸೇರಬಹುದಾದ ರೇಸು. ಆದರೆ ಒಂದು ಕಠಿಣ ನಿಯಮವಿತ್ತು: ಐದು ಸುತ್ತುಗಳಲ್ಲಿ ಎಲ್ಲಾದರೂ ಎಲ್ಲರಿಗಿಂತ ಮುಂದಿರುವವಳು ನಮ್ಮನ್ನು ಒಂದು ಸುತ್ತು ಹಿಂದಕ್ಕೆ ಹಾಕಿದರೆ ಅಲ್ಲೇ ಇಳಿಸಿಬಿಡುತ್ತಾರೆ. ಗೆಲ್ಲುವ ಮಾತು ಹಾಗಿರಲಿ, ಯಾರೂ ಇಳಿಸದಂತೆ ಐದು ಸುತ್ತು ಮುಗಿಸಿದರೆ ಸಾಕು ಎನ್ನುವುದೇ ನನ್ನ ಆಸೆ. ಹೊರಡುವ ದಿನ ಅಮ್ಮ ಬುದ್ಧನ ಮುಂದೆ ಮೇಣದಬತ್ತಿ ಹಚ್ಚಿ, ಸೈಕಲ್ ಇಟ್ಟಿದ್ದ ದೊಡ್ಡ ಪೆಟ್ಟಿಗೆಯನ್ನೂ ಒಮ್ಮೆ ಸವರಿ ಕಳಿಸಿದಳು.

ಜೊತೆಗೆ ಬಂದವನು ಇಮ್ರಾನ್. ಶಿವಾಜಿನಗರದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಹತ್ತು ವರ್ಷದಿಂದ ನನ್ನ ಸೈಕಲ್ಲನ್ನು ಅವನು ಬಿಟ್ಟರೆ ಬೇರೆ ಯಾರೂ ಮುಟ್ಟಿಲ್ಲ. ಅದಕ್ಕೆ ಕಾರಣವಿದೆ. ಚಿಕ್ಕವಳಿದ್ದಾಗ ಅಪ್ಪನ ಸೈಕಲ್ಲಿನ ಚೈನಿಗೆ ಸಿಕ್ಕಿ ನನ್ನ ಎಡಗೈ ತೋರುಬೆರಳು ಅರ್ಧಕ್ಕೇ ಹೋಯಿತು. ಎಡ ಬ್ರೇಕನ್ನು ನಾನು ನಡುಬೆರಳಿನಿಂದ ಹಿಡಿಯುತ್ತೇನೆ. ಅದಕ್ಕಾಗಿ ಇಮ್ರಾನ್ ಆ ಬ್ರೇಕನ್ನು ಒಂದು ಬೆರಳಗಲ ಹೊರಕ್ಕೆ ಸರಿಸಿ, ನಡುಬೆರಳು ಕೂರುವ ಜಾಗಕ್ಕೆ ಹಳೇ ಟ್ಯೂಬಿನ ಪಟ್ಟಿ ಸುತ್ತಿಕೊಟ್ಟಿದ್ದಾನೆ. ಸೀಟಿನ ಮೂತಿಯೂ ಒಂದು ಚೂರು ಬಲಕ್ಕೆ ತಿರುಗಿರಬೇಕು, ನಾನು ಕೂರುವುದೇ ಹಾಗೆ. ಇವೆರಡೂ ಇಲ್ಲದ ಸೈಕಲ್ಲಿನಲ್ಲಿ ಕಡಿದಾದ ಇಳಿಜಾರು ಇಳಿಯಲು ನನಗೆ ಧೈರ್ಯ ಬರುವುದಿಲ್ಲ.

ವಿಮಾನದಿಂದ ನಾವಿಬ್ಬರೂ ಇಳಿದೆವು. ಪೆಟ್ಟಿಗೆ ಇಳಿಯಲಿಲ್ಲ.

ಎರಡು ದಿನ ಕಾದೆವು. ರೇಸಿನ ಹಿಂದಿನ ದಿನವೂ ಅದರ ಸುಳಿವಿಲ್ಲ. ಯಾರೋ ಪುಣ್ಯಾತ್ಮರು ತಮ್ಮ ಸೈಕಲ್ ಕೊಡಲು ಬಂದರು, ಅದರ ಮೇಲೆ ಕೂತರೆ ನನ್ನ ಕಾಲೇ ನೆಲಕ್ಕೆ ತಾಗಲಿಲ್ಲ. ಮಧ್ಯಾಹ್ನ ನಾವು ಉಳಿದುಕೊಂಡಿದ್ದ ಮನೆಯ ಅಂಗಳದಲ್ಲಿ, ಸೇಬಿನ ಮರದ ಕೆಳಗೆ ಸಪ್ಪಗೆ ಕೂತಿದ್ದೆ. ಮನೆಯೊಡತಿ ಐಗುಲ್ ಎಂಬಾಕೆ ಅರವತ್ತು ದಾಟಿದ ಹೆಂಗಸು. ನಮ್ಮ ಭಾಷೆ ಅವರಿಗೆ ಬಾರದು, ಅವರದು ನಮಗೆ ಬಾರದು. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಕೈಹಿಡಿದು ಎಬ್ಬಿಸಿ, ಹಿತ್ತಲಿನ ಕೊಟ್ಟಿಗೆಗೆ ಕರೆದುಕೊಂಡು ಹೋದರು. ಗೋಣಿಚೀಲಗಳನ್ನು ಸರಿಸಿದರೆ ಅಡಿಯಲ್ಲಿ ಒಂದು ಕೆಂಪು ಮೌಂಟನ್ ಬೈಕ್.

ಮೈತುಂಬ ಧೂಳಿತ್ತು, ಹಿಂಬದಿಯಲ್ಲಿ ಉದ್ದಕ್ಕೆ ಒಂದು ಗೀರಿತ್ತು, ಚಕ್ರಗಳಲ್ಲಿ ಗಾಳಿಯಿರಲಿಲ್ಲ. ಇಮ್ರಾನ್ ಒರೆಸಿ ಗಾಳಿ ತುಂಬಿದ. ನಾನು ಹತ್ತಿ ಅಂಗಳದಲ್ಲಿ ಒಂದು ಸುತ್ತು ಹಾಕಿದೆ. ಏನೂ ತೊಡಕಿಲ್ಲ. ಮನೆಯದೇ ಚಪ್ಪಲಿ ಮೆಟ್ಟಿದಷ್ಟು ಸಲೀಸು. ಎಡ ಬ್ರೇಕು ಹಿಡಿದಾಗಲೇ ನನಗೆ ಎಚ್ಚರವಾದದ್ದು. ನಡುಬೆರಳು ತಾನಾಗಿ ರಬ್ಬರಿನ ಮೇಲೆ ಕೂತಿತ್ತು.

ಇಳಿದು ನೋಡಿದೆ. ಹಳೇ ಟ್ಯೂಬಿನ ಪಟ್ಟಿ. ಬ್ರೇಕು ಒಂದು ಬೆರಳಗಲ ಹೊರಗೆ. ಸೀಟಿನ ಮೂತಿ ಒಂದು ಚೂರು ಬಲಕ್ಕೆ. ಇಮ್ರಾನ್ ಟೇಪು ತೆಗೆದು ಸೀಟಿನ ಎತ್ತರ ಅಳೆದ, ಮತ್ತೊಮ್ಮೆ ಅಳೆದ, ಆಮೇಲೆ ನೆಲದ ಮೇಲೆ ಕೂತುಬಿಟ್ಟ.

“ಇದು ನನ್ ಕೈಕೆಲ್ಸ ಅಲ್ಲ ಅಕ್ಕಾ,” ಎಂದ. “ಆದ್ರೆ ನಾನ್ ಮಾಡಿದ್ರೂ ಹಿಂಗೇ ಮಾಡ್ತಿದ್ದೆ.”

ಇದು ಯಾರದೆಂದು ಫೋನಿನ ಅನುವಾದದಲ್ಲಿ ಐಗುಲ್ ಅವರನ್ನು ಕೇಳಿದೆವು. ಅವರು ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಫೋನು ಗಂಭೀರವಾಗಿ, ಆಕಾಶವಾಣಿಯ ವಾರ್ತೆಯಂತೆ ಓದಿತು: “ಒಬ್ಬ ಮಹಿಳೆ ಇದನ್ನು ಬಿಟ್ಟು ಹೋಗಿದ್ದಾರೆ. ಬೇಕಾದವರು ಬರುತ್ತಾರೆ ಎಂದು ಅವರು ಹೇಳಿದ್ದಾರೆ.” ನಮಗೆ ನಗು ತಡೆಯಲಾಗಲಿಲ್ಲ. ನನ್ನ ಮೊಂಡು ಬೆರಳು ತೋರಿಸಿ, ಆ ಹೆಂಗಸಿಗೂ ಹೀಗೆ ಇತ್ತೇ ಎಂದು ವಿಚಾರಿಸಿದೆ. ಐಗುಲ್ ಭುಜ ಕುಣಿಸಿದರು. ಆಕೆ ಇದ್ದದ್ದು ಒಂದೇ ದಿನವಂತೆ, ಹೆಸರೂ ನೆನಪಿಲ್ಲವಂತೆ.

ಮರುದಿನದ ಸವಾರಿಯನ್ನು ಎಷ್ಟು ಸಲ ನೆನೆದರೂ ನನಗೆ ಸಾಕಾಗುವುದಿಲ್ಲ. ಬಂಡೆಗಳ ನಡುವೆ, ಬೇರುಗಳ ಮೇಲೆ, ಕಾಡು ಸೇಬಿನ ಮರಗಳ ಸಂದಿಯಲ್ಲಿ ಆ ಸೈಕಲ್ ನೀರಿನ ಹಾಗೆ ಇಳಿಯಿತು. ಮೂರನೇ ಸುತ್ತಿನ ಇಳಿಜಾರಿನಲ್ಲಿ ನಾನು ಜೋರಾಗಿ ನಗುತ್ತಿದ್ದೆನಂತೆ, ತಿರುವಿನಲ್ಲಿ ನಿಂತಿದ್ದವರು ಆಮೇಲೆ ಹೇಳಿದರು. ಇಮ್ರಾನ್ ಒಂದು ಬಂಡೆ ಹತ್ತಿ ಕನ್ನಡ, ದಖ್ಖನಿ ಎರಡರಲ್ಲೂ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡ. ಎಲ್ಲರಿಗಿಂತ ಮುಂದಿದ್ದವಳು ಹಿಂದಿನಿಂದ ಇನ್ನೇನು ನನ್ನನ್ನು ಹಿಡಿಯಬೇಕು, ಅಷ್ಟರಲ್ಲಿ ನಾನು ಕೊನೆಯ ಸುತ್ತು ಶುರುವಾಗುವ ಗೆರೆ ದಾಟಿಬಿಟ್ಟೆ. ಅವಳ ರೇಸು ಆ ಗೆರೆಯಲ್ಲೇ ಮುಗಿಯಿತು, ಇನ್ನು ನನ್ನನ್ನು ಯಾರೂ ಇಳಿಸುವಂತಿಲ್ಲ. ಆ ಸುತ್ತನ್ನೂ ಮುಗಿಸಿದೆ. ಕೊನೆಯಿಂದ ಎರಡನೆಯವಳು ನಾನು. ಅಮ್ಮನಿಗೆ ಫೋನು ಮಾಡಿ ‘ಎರಡನೆಯವಳು’ ಎಂದಷ್ಟೇ ಹೇಳಿದೆ. ಸುದ್ದಿ ಬೀದಿಗೆಲ್ಲ ಹಬ್ಬಿ, ನಾನು ಊರಿಗೆ ಬರುವಷ್ಟರಲ್ಲಿ ಹಾರವೂ ಬಂದಿತ್ತು.

ನನ್ನ ಪೆಟ್ಟಿಗೆ ರೇಸಿನ ಮರುದಿನ ಬಂತು. ಕೆಂಪು ಸೈಕಲ್ಲನ್ನು ತಗೊಂಡು ಹೋಗು ಎಂದು ಐಗುಲ್ ಸನ್ನೆ ಮಾಡಿದರು. ನನಗೆ ಯಾಕೋ ಮನಸ್ಸು ಬರಲಿಲ್ಲ. ತೊಳೆದು, ಎಣ್ಣೆ ಹಾಕಿ, ನಾನೇ ಕೊಟ್ಟಿಗೆಯಲ್ಲಿಟ್ಟು ಬಂದೆ.

ಮುಂದಿನ ವಸಂತದಲ್ಲಿ ಅವರು ಒಂದು ಫೋಟೋ ಕಳಿಸಿದರು. ಹೂಬಿಟ್ಟ ಸೇಬಿನ ಮರಕ್ಕೆ ಒರಗಿಸಿದ ಅದೇ ಸೈಕಲ್, ಹಿಂಬದಿಯಲ್ಲಿ ಅದೇ ಗೀರು. ನೀನು ಹೋದ ಮೇಲೆ ಕೊಟ್ಟಿಗೆಯ ಬಾಗಿಲು ತೆಗೆದದ್ದು ಇವತ್ತೇ ಎಂದು ಬರೆದಿದ್ದರು. ಆದರೆ ಸೀಟು ನನಗೆ ಎಟುಕದಷ್ಟು ಮೇಲಿತ್ತು, ಮೂತಿ ನೆಟ್ಟಗಿತ್ತು. ಎಡ ಬ್ರೇಕು ಎಲ್ಲರ ಸೈಕಲ್ಲಿನಲ್ಲಿರುವ ಹಾಗೆ ಒಳಗಿತ್ತು. ಟ್ಯೂಬಿನ ಪಟ್ಟಿ ಇರಲಿಲ್ಲ.

ಫೋನು ಹಿಡಿದು ಇಮ್ರಾನನ ಅಂಗಡಿಗೆ ಓಡಿದೆ. ರೇಸಿನ ದಿನ ಅವನು ತೆಗೆದ ಫೋಟೋವನ್ನು ಪಕ್ಕದಲ್ಲಿಟ್ಟು ನೋಡಿದೆವು. ಮನೆಯವರು ಯಾರೋ ಮುಟ್ಟಿರಬಹುದು, ಐಗುಲ್ ಮರೆತಿರಬಹುದು ಎಂದು ಏನೇನೋ ಹೇಳಿದೆ. ಅವೆಲ್ಲ ನಿಜವೇ ಇರಬಹುದು. ಆದರೆ ನಾನು ಅಲ್ಲಿಗೆ ಕಾಲಿಡುವ ಮೊದಲೇ ಅದು ನನ್ನ ಅಳತೆಗೆ ಇದ್ದದ್ದು ಹೇಗೆ?

ಇಮ್ರಾನ್ ಫೋಟೋ ಹಿಗ್ಗಿಸಿ ಆ ಸೀಟಿನ ಮೇಲೆ ಬೆರಳಿಟ್ಟ.

“ಈ ಸಲ ಯಾರೋ ಎತ್ತರದವ್ರು ಬರ್ತಾರೆ ಅನ್ಸುತ್ತೆ ಅಕ್ಕಾ,” ಎಂದ.

ನಗಲು ಬಾಯಿ ತೆರೆದೆ. ಅವನು ನಗುತ್ತಿರಲಿಲ್ಲ.