ಖಾನಾಪುರಕ್ಕೊಂದು ಸಮುದ್ರ

ನಿನ್ನೆ ಬೆಳಗಾವಿಯ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ವಿದ್ಯಾರ್ಥಿನಿಯೊಬ್ಬಳು ಕಾರವಾರದಿಂದ ತಂದ ಸಮುದ್ರದ ನೀರಿನ ಕ್ಯಾನು ತೆರೆದಳು. ಉಪ್ಪು, ಕೆಸರು, ಮೀನಿನ ವಾಸನೆ ಗಪ್ಪನೆ ಮುಖಕ್ಕೆ ಬಡಿಯಿತು. ಮೇಡಂ ಬಂದರು ಅಂದುಕೊಂಡೆ...

ನನಗೆ ಸೂಕ್ಷ್ಮಜೀವಿಶಾಸ್ತ್ರ ಕಲಿಸಿದವರು ಅವರು. ಖಾನಾಪುರದಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ರಜೆ ಸಿಕ್ಕರೆ ಸಾಕು, ಕಾರವಾರಕ್ಕೆ ಹೋಗಿ ಕ್ಯಾನು ತುಂಬಿಕೊಂಡು ಬರುವುದೇ.

"ಏನ್ರೀ ಅಕ್ಕಾರ, ಗಂಗಾಜಲ ಏನ್ರಿ?" ಎಂದು ಕಂಡಕ್ಟರ್ ಕಾಡುತ್ತಿದ್ದ.

"ಹೌದಪಾ, ಕುಡೀತಿಯೇನು?" ಎಂದು ಇವರು ಕ್ಯಾನನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತಿದ್ದರು.

ಆ ನೀರಿನ ಹನಿಯಿಂದಲೇ ಒಂದು ಸಲ ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನ ಮೇಲೆ ಕಿತ್ತಳೆ ಬಣ್ಣದ ಚುಕ್ಕೆ ಬೆಳೆಯಿತು. ಅದರ ಜೀನು ಹೆಸರಿರುವ ಯಾವ ಬ್ಯಾಕ್ಟೀರಿಯಾಕ್ಕೂ ಹೊಂದಲಿಲ್ಲ. ಎಷ್ಟು ಉಪ್ಪು ತಡೆಯುತ್ತದೆ, ಯಾವ ಸಕ್ಕರೆ ತಿನ್ನುತ್ತದೆ ಎಂದು ತಿಂಗಳುಗಟ್ಟಲೆ ಪರೀಕ್ಷಿಸಿದೆವು. ಹೊಸ ಜೀವಿಯೇ, ಅನುಮಾನವಿರಲಿಲ್ಲ.

"ನಿಮ್ಮ ಹೆಸರ ಇಡೂಣೇನ್ರಿ ಮೇಡಂ?" ಎಂದೆ.

"ಛೀ ಹುಚ್ಚಿ! ತಮ್ಮ ಹೆಸರ ತಾವ ಇಟ್ಕೊಂಡ್ರ ಮಂದಿ ನಗ್ತಾರ. ಖಾನಾಪುರದ್ದ ಇಡೂಣು."

"ಖಾನಾಪುರಕ್ಕ ಸಮುದ್ರ ಎಲ್ಲೈತ್ರಿ?"

"ಇಲ್ಲಂತನ ಇಡೂದು. ನಮ್ಮೂರಿಗೂ ಇಷ್ಟರ ಸಮುದ್ರ ಸಿಗಲಿ!"

ಆದರೆ ಹೊಸ ಬ್ಯಾಕ್ಟೀರಿಯಾಕ್ಕೆ ಹೆಸರು ದಕ್ಕಬೇಕಾದರೆ ಅದು ಜೀವಾಣುಗಳನ್ನು ಕಾಯ್ದಿಡುವ ಎರಡು ದೇಶಗಳ ಸಂಗ್ರಹಗಳಲ್ಲಿ ಜೀವಂತವಾಗಿರಬೇಕು. ನಮ್ಮ ದೇಶದ್ದು ಸುಸೂತ್ರವಾಯಿತು. ಪರದೇಶಕ್ಕೆ ಕಳಿಸುವ ಡಬ್ಬಿಯನ್ನು ಮೇಡಂ ಯಾರಿಗೂ ಮುಟ್ಟಗೊಡಲಿಲ್ಲ. ಟ್ಯೂಬುಗಳಿಗೆ ಕೂಸಿಗೆ ಸುತ್ತಿದಂತೆ ಹತ್ತಿ ಸುತ್ತಿ, ಕೆಡಬಾರದೆಂದು ಸುತ್ತಲೂ ಐಸ್ ಜೋಡಿಸಿದರು. ಅಲ್ಲಿಂದ ಉತ್ತರ ಬಂತು: ಬೆಳೆಯಲಿಲ್ಲ. ಬೆಚ್ಚನೆಯ ನೀರಿನ ಜೀವಿ ಅದು, ಐಸಿಗೇ ಸತ್ತಿತ್ತು.

"ನನ್ನ ಕೈಯಾರ ಕೊಂದೆನಲ್ಲವಾ..." ಎಂದು ಮೇಡಂ ಸ್ಟೂಲಿನ ಮೇಲೆ ಕುಸಿದರು.

ಮತ್ತೆ ಅನುಮತಿ, ಮತ್ತೆ ಕಾಗದಪತ್ರ. ಅಷ್ಟರಲ್ಲಿ ಅವರಿಗೆ ಕ್ಯಾನ್ಸರ್ ಎಂದು ತಿಳಿಯಿತು. ಆಸ್ಪತ್ರೆಗೆ ಹೋದರೆ ತಮ್ಮ ನೋವಿನ ಮಾತೇ ಇಲ್ಲ. "ಕಳಿಸಿದೇನವಾ? ಐಸ್ ಹಾಕಬ್ಯಾಡ ಮತ್ತ" ಎನ್ನುತ್ತಿದ್ದರು. ಐಸಿಲ್ಲದೆ ಕಳಿಸಿದೆ. ಅವರನ್ನು ಮಣ್ಣು ಮಾಡಿ ಬಂದ ವಾರವೇ ಮೇಲ್ ಬಂತು, ಬದುಕಿದೆ ಎಂದು. ಖುಷಿಯೋ ದುಃಖವೋ, ಬಿಕ್ಕಿ ಬಿಕ್ಕಿ ಅತ್ತೆ.

ಇನ್ನು ನಗುವವರು ಯಾರು? ಅವರ ಹೆಸರನ್ನೇ ಇಡುವುದೆಂದು ಲೇಖನ ಬರೆದೆ. ಕಳಿಸುವ ಮುಂಚೆ ಜೀನನ್ನು ಇನ್ನೊಮ್ಮೆ ಹೋಲಿಸಿದೆ... ಹೊಂದಿಬಿಟ್ಟಿತು. ಬೇರೆ ದೇಶದವರು ತಮ್ಮ ಕಡಲಲ್ಲಿ ಅದೇ ಜೀವಿಯನ್ನು ಕಂಡು, ಆಗಷ್ಟೇ ಹೆಸರಿಟ್ಟು ಪ್ರಕಟಿಸಿದ್ದರು. ಮೊದಲು ಇಟ್ಟವರದೇ ಹೆಸರು. ಆ ಐಸು ನುಂಗಿದ ತಿಂಗಳುಗಳಲ್ಲೇ ಎಲ್ಲ ಕೈತಪ್ಪಿತ್ತು. ಬೈಯೋಣವೆಂದರೆ ಯಾರನ್ನು ಬೈಯಲಿ? ಮೇಡಂಗೆ ಇದು ತಿಳಿಯಲೇ ಇಲ್ಲ. ಅದೊಂದು ಪುಣ್ಯವೆಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ.

ಅವರು ಬೆಳೆಸಿದ್ದು ಈಗಲೂ ನನ್ನ ಬಳಿ ಬದುಕಿದೆ. ಹೊಸ ಟ್ಯೂಬಿಗೆ ದಾಟಿಸಿದಾಗಲೆಲ್ಲ ಮೇಲೆ ಆ ಪರದೇಶದ ಹೆಸರನ್ನೇ ಬರೆಯುತ್ತೇನೆ. ಸರಿಯಾದ ಹೆಸರು ಅದೇ. ಬರೆಯುವಾಗ ಮಾತ್ರ ಬೆನ್ನ ಹಿಂದೆ ಯಾರೋ ನಿಂತು ಓದುತ್ತಿದ್ದಾರೆ ಅನಿಸುತ್ತದೆ. ತಿರುಗಿ ನೋಡುವ ಧೈರ್ಯ ನನಗೆ ಇನ್ನೂ ಬಂದಿಲ್ಲ.